ಠಸ್ಸೆ

ನನ್ನ ಹತ್ತಿರ ಚೊಕ್ಕ ನಾಣ್ಯ ಒಂದೂ ಇಲ್ಲ.

ಚೊಕ್ಕದ್ದು ಕೂಡಿಸುವವರು ಬೇರೆ:
ಮಖಮಲ್ಲಿನ ಪೆಟ್ಟಿಗೆ, ಕೈಗೆ ಬಿಳಿಯ ಚೀಲ,
ಟಂಕಸಾಲೆಯಿಂದ ಈಗಷ್ಟೇ ಎದ್ದು ಬಂದಂತೆ
ಯಾರ ಬೆವರೂ ತಾಗದ ಮುಖ.
ಸರಾಫ್ ಬಜಾರಿನಲ್ಲಿ ಅವರು ಬದಿಗೆ ಸರಿಸಿದ್ದನ್ನು
ನಾನು ಎತ್ತಿಕೊಳ್ಳುತ್ತೇನೆ.
ಚಾರ್ಮಿನಾರಿನ ಕಮಾನಿನಡಿ ಯಾವನೋ ಸರಾಫ
ಎಳ್ಳುಗಾತ್ರದ ಹೂ ಒತ್ತಿದ ಹಾಲಿ ರೂಪಾಯಿ.
'ಬೆಳ್ಳಿ ಖರೆ ಐತಿ' ಎಂದು ಅವನು ಕೊಟ್ಟ ಮಾತು.
ಪಕ್ಕದಲ್ಲಿ ಇನ್ನೊಬ್ಬನ ಅರ್ಧಚಂದ್ರ,
ಹೂವಿನ ಒಂದೆಸಳನ್ನು ತುಳಿದು ನಿಂತಿದೆ.
ಹಾಗಾಗಿ ಗೊತ್ತು, ಇದು ಆಮೇಲಿನದು;
ಮೊದಲಿನವನ ಮಾತು ಇವನಿಗೆ ಸಾಲಲಿಲ್ಲ.

ಮಿಲ್ಲಿನ ಹಾಜರಿ ಬಿಲ್ಲೆಗಳಿವೆ, ಹಿತ್ತಾಳೆಯವು.
೪೧೭ರ ಬೆನ್ನಿಗೆ ಯಾರೋ ಮೊಳೆ ಹಿಡಿದು
ಚುಕ್ಕಿ ಚುಕ್ಕಿ ಕೂರಿಸಿ ಬರೆದಿದ್ದಾರೆ: ಅಂಬವ್ವ.
ಜಾಗ ಸಾಲದೆ ಕೊನೆಯ ವತ್ತು ಅಂಚಿನಿಂದ ಜಾರಿದೆ.
ಗೇಟಿನ ಹಲಗೆಯ ಮೇಲೆ ನಂಬರು ಮುಂದಾಗಿ ನೇತಾಡುವಾಗ
ಆ ಹೆಸರು ಹಲಗೆಗಷ್ಟೇ ಕಾಣಿಸುತ್ತಿದ್ದಿರಬೇಕು.

ಒಂದು ಪದಕ, ಶಹಾಬಾದಿನ ಕಾರ್ಖಾನೆಯೊಂದರ ಬೆಳ್ಳಿಹಬ್ಬದ್ದು.
ಚಿಮಣಿಯ ಸುತ್ತ ಗೋಧಿತೆನೆ
(ತೊಗರಿಯ ಸೀಮೆಗೆ ಗೋಧಿ ಯಾಕೋ).
ಪಡೆದವನ ಹೆಸರನ್ನು ಅರದಿಂದ ಉಜ್ಜಿ
ಮೇಲೆ ಹೊಡೆದಿದ್ದಾರೆ: 'ಓಟ, ದ್ವಿತೀಯ'.
ಶಾಲೆಯಲ್ಲಿ ದುಡ್ಡಿರಲಿಲ್ಲವೋ,
ಸೋತ ಮಗಳಿಗಾಗಿ ಅಪ್ಪನೇ ಉಜ್ಜಿದನೋ.

ಇಂಥವೇ ಯಾಕೆ ಎಂದರೆ, ನನ್ನ ಕೈಯೂ ಇಂಥದ್ದೇ.
ಇಪ್ಪತ್ತೊಂಬತ್ತು ವರ್ಷ ತೂಕ-ಅಳತೆ ಆಫೀಸು.
ಸೇಡಂ, ಚಿತ್ತಾಪುರ, ಜೇವರ್ಗಿಯ ಸಂತೆಗಳಲ್ಲಿ
ತೂಕದ ಕಲ್ಲನ್ನು ಬೋರಲು ಹಾಕಿ
ಹೊಟ್ಟೆಯ ಸೀಸಕ್ಕೆ ಉಳಿ ಇಟ್ಟು ಒಂದು ಪೆಟ್ಟು.
ಸಹಿ ಯಾರಿಗೂ ಗೊತ್ತಿರಲಿಲ್ಲ;
ಅಡತಿ ಅಂಗಡಿಗಳಲ್ಲಿ ನಾನು ಠಸ್ಸೆ ರೇವಪ್ಪ.

ಹೋದ ಗುರುವಾರ, ಹುಮನಾಬಾದ್ ರಿಂಗ್ ರೋಡಿನ ಗುಜರಿ.
ಮಶಾಕ್ ಪಟೇಲ ಬಿಲ್ಲೆಗಳನ್ನು ತಕ್ಕಡಿಗೆ ಸುರಿದು
ಇನ್ನೂರು ಗ್ರಾಮಿನ ಕಲ್ಲು ಇಟ್ಟ.
ನೋಡಿದ ಕೂಡಲೇ ಕೈ ಹೇಳಿತು: ಹಗುರ.
ತಿರುಗಿಸಿದೆ.
'ನಿಮ್ದೇ ಠಸ್ಸೆ ಐತಲ್ರೀ ಸಾಹೇಬ್ರ,
ಮತ್ತೇನ್ ಬೇಕ್ರೀ?'

ಹೌದು, ನನ್ನದೇ. ಹತ್ತೊಂಬತ್ತು ವರ್ಷ ಹಿಂದಿನದು,
ಅದರಡಿ ಅದಕ್ಕೂ ಹಳೆಯ ಅಂಕಿಗಳ ನೆರಳು.
ಸೀಸಕ್ಕೆ ತಾಗಿ ಒಂದು ಬೈರಿಗೆ ತೂತು,
ಮೇಣ ತುಂಬಿ ಮಸಿ ಬಳಿದದ್ದು.
ಮಾರಿದ ಮೇಲೆ ಯಾರೋ ಕೊರೆದದ್ದು ಎಂದುಕೊಂಡೆ,
ಎಂದುಕೊಳ್ಳಬೇಕೆಂದಿದ್ದೆ.
ಆದರೆ ಗಾಯದ ನಾಣ್ಯ ಕೂಡಿಸಿ ಕಲಿತ ವಿದ್ಯೆ ಒಂದೇ,
ಯಾವ ಪೆಟ್ಟು ಮೊದಲು, ಯಾವುದು ಆಮೇಲೆ.
ಸೀಸ ನನ್ನ ಪೆಟ್ಟಿಗೆ ಹರಡಿ
ತೂತಿನ ಅಂಚಿನೊಳಗೆ ಇಳಿದಿತ್ತು,
ನಾಲಿಗೆಯ ತುದಿಯಷ್ಟು.
ತೂತು ಮೊದಲಿನದು.

ಜೇವರ್ಗಿಯ ಮಧ್ಯಾಹ್ನವೇ ಇರಬೇಕು.
ಮುಂದೆ ಅರವತ್ತು ಅಂಗಡಿಯವರು, ಪಕ್ಕದಲ್ಲಿ ಚಹಾ,
ನಾಲ್ಕರ ಬಸ್ಸು.
ತೂಗದೆ ಬಡಿದದ್ದೂ ಉಂಟು.

ಕಲ್ಲನ್ನೂ ಕೊಡು ಎಂದೆ.
ಅವನು ನಗುತ್ತ ಅದನ್ನೇ ತಕ್ಕಡಿಗಿಟ್ಟ,
ಇನ್ನೊಂದು ಕಲ್ಲಿನಿಂದ ತೂಗಿ, ಕಬ್ಬಿಣದ ದರ ಹೇಳಿದ.
ಆ ಇನ್ನೊಂದನ್ನು ನಾನು ತಿರುಗಿಸಿ ನೋಡಲಿಲ್ಲ.

ಉಳಿಗಳನ್ನೆಲ್ಲ ನಿವೃತ್ತಿಯ ದಿನವೇ ಆಫೀಸಿಗೆ ಒಪ್ಪಿಸಿದ್ದೆ,
ರದ್ದು ಮಾಡುವ ಗುರುತೂ ಈಗ ನನ್ನಲ್ಲಿಲ್ಲ.
ರಾತ್ರಿ ಒಂದು ಮೊಳೆ ಹಿಡಿದು
ಆ ಸೀಸದ ಬದಿಗೆ ಚುಕ್ಕಿ ಚುಕ್ಕಿ ಕೂರಿಸತೊಡಗಿದೆ.
'ಈ ಹೊತ್ತಿನ್ಯಾಗ ಏನ್ ಬಡೀತೀರಿ?'
ಒಳಗಿನಿಂದ ಗುಂಡಮ್ಮನ ದನಿ.

'ರೇ' ಅಷ್ಟೇ ಮೂಡಿದೆ.
ಮುಂದೆ ಯಾರ ಕೈಗಾದರೂ ಸಿಕ್ಕರೆ
ರೇಣುಕೆಯೋ, ರೇವಣಸಿದ್ಧನೋ, ಬರೀ ರೇಟೋ
ಎಂದು ಕಣ್ಣಿಗೆ ಭೂತಗನ್ನಡಿ ಹಿಡಿದು ಕೂರಲಿ.
ಯಾವುದು ಆಮೇಲಿನದು ಎಂಬುದಾದರೂ
ಅವನಿಗೆ ತಿಳಿದೀತು.